ಸುದ್ದಿ ಇರುವ ಊರಿಗೇ ರಜೆಗೆ: ನಮ್ಮ ಮನೆಯ ಅನುಭವ

ರಜೆಗೆ ಎಲ್ಲಿಗೆ ಹೋಗಬೇಕು ಅನ್ನೋದನ್ನ ನಮ್ಮ ಮನೆಯಲ್ಲಿ ಈಗ ಪೇಪರ್ ನೋಡಿ ಗೊತ್ತು ಮಾಡುತ್ತೇವೆ. ಜಾಹೀರಾತು ನೋಡಿ ಅಲ್ಲ, ಸುದ್ದಿ ನೋಡಿ. ಹುಬ್ಬಳ್ಳಿಯಿಂದ ಬಸ್ಸಿನಲ್ಲೋ ರೈಲಿನಲ್ಲೋ ಎರಡು ಮೂರು ತಾಸಿನೊಳಗೆ ಮುಟ್ಟುವ ಊರಿನ ಹೆಸರು ಸುದ್ದಿಯಲ್ಲಿ ಬಂತು ಅಂದರೆ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇವೆ. ಮುಂದೆ ಒಂದು ರವಿವಾರವೋ, ಪಂಚಮಿ ರಜೆಯೋ, ದಸರಾ ರಜೆಯೋ ಸಿಕ್ಕಾಗ ಆ ಊರಿಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತೇವೆ.

ಮನೆಯಲ್ಲಿ ಐದು ಜನ. ನಾನು ಒಂದು ಪತ್ತಿನ ಸಂಘದಲ್ಲಿ ಕ್ಲರ್ಕ್. ನಮ್ಮವರದು ಬೈಕ್ ಬಿಡಿಭಾಗಗಳ ಸಣ್ಣ ಅಂಗಡಿ, ರವಿವಾರ ಮಾತ್ರ ಬಾಗಿಲು ಹಾಕುತ್ತಾರೆ. ಮಗಳು ಮೂರನೇ ಕ್ಲಾಸು, ಮಗ ಎಲ್‌ಕೆಜಿ. ಜೊತೆಗೆ ನಮ್ಮ ಅತ್ತಿ. ದೊಡ್ಡ ಟೂರ್ ಅಂದರೆ ಎರಡು ತಿಂಗಳ ಉಳಿತಾಯ ಹೋಗುತ್ತೆ, ಸಣ್ಣ ಮಕ್ಕಳು ಅರ್ಧ ದಾರಿಗೇ ಸುಸ್ತಾಗುತ್ತಾರೆ. ಹತ್ತಿರದ ಊರು ಆರಿಸಿಕೊಂಡಿದ್ದಕ್ಕೆ ಅದೂ ಒಂದು ಕಾರಣ. ಆದರೆ ಇದು ಶುರುವಾಗಿದ್ದು ಟಿವಿಯಿಂದ.

2024ರ ಮಾರ್ಚ್ 11ಕ್ಕೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರೇಟು ಒಮ್ಮೆಲೇ ಬಿತ್ತು. ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ಗಾಡಿಗಳಿಗೆ ಬೆಂಕಿ ಬಿತ್ತು. ಅವತ್ತು ರಾತ್ರಿ ಊಟದ ಹೊತ್ತಿನಲ್ಲಿ ಟಿವಿ ತುಂಬ ಅದೇ ಬೆಂಕಿ. ತೋರಿಸಿದ್ದನ್ನೇ ತೋರಿಸುತ್ತಿದ್ದರು. ಮಗಳು ತುತ್ತು ಕೈಯಲ್ಲೇ ಹಿಡಿದು ಕೂತಿದ್ದಳು. "ಯವ್ವಾ, ಅದು ನಮ್ಮ ಊರಿಗೂ ಬರತೈತೇನು?" ಅಂದಳು. ನಮ್ಮವರು ಟಿವಿ ಬಂದ್ ಮಾಡಿ, ಅಡುಗೆಮನೆಯಿಂದ ಖಾರದ ಡಬ್ಬಿ ಮತ್ತು ಒಂದು ಹಿಡಿ ಒಣ ಮೆಣಸಿನಕಾಯಿ ತಂದು ತಾಟಿನ ಪಕ್ಕ ಇಟ್ಟರು. ಇದನ್ನ ಬೆಳೆಯೋಕೆ ಒಬ್ಬ ರೈತ ಎಷ್ಟು ತಿಂಗಳು ದುಡಿಯುತ್ತಾನೆ, ಚೀಲ ತುಂಬಿ ಎಷ್ಟು ದೂರದಿಂದ ತರುತ್ತಾನೆ, ಹಿಂದಿನ ವಾರದ ರೇಟು ಈ ವಾರ ಇಲ್ಲ ಅಂದರೆ ಸಾಲ ಹೇಗೆ ತೀರಿಸುತ್ತಾನೆ ಅಂತ ಹೇಳಿದರು. ಮಗಳ ಮುಖದಲ್ಲಿನ ಹೆದರಿಕೆ ಹೋಯಿತು, ಪ್ರಶ್ನೆ ಶುರುವಾಯಿತು.

ಆಮೇಲಿನ ಹಂಗಾಮಿನಲ್ಲಿ ಬ್ಯಾಡಗಿಗೆ ಹೋದೆವು. ಮಗನನ್ನು ಅತ್ತಿಯ ಹತ್ತಿರ ಬಿಟ್ಟಿದ್ದೆವು, ಯಾಕೆಂದರೆ ಅಲ್ಲಿ ಗಾಳಿಯಲ್ಲೇ ಖಾರ ಇರುತ್ತೆ. ಸಣ್ಣ ಕೂಸುಗಳನ್ನು ಮಾರುಕಟ್ಟೆಯ ಒಳಗೆ ಕರೆದುಕೊಂಡು ಹೋಗಲೇಬೇಡಿ. ದೊಡ್ಡವರೂ ಮೂಗಿಗೆ ಒದ್ದೆ ಕರ್ಚೀಫು ಕಟ್ಟಿಕೊಳ್ಳಬೇಕು. ಕಣ್ಣು ಹಾಯುವಷ್ಟು ದೂರ ಕೆಂಪು ಚೀಲಗಳು. ಒಬ್ಬ ರೈತರು ಮಗಳ ಕೈಗೆ ಒಂದು ಕಾಯಿ ಕೊಟ್ಟು, ಸುಕ್ಕು ನೋಡು, ಬಣ್ಣ ನೋಡು ಅಂದರು. ಬ್ಯಾಡಗಿ ಕಾಯಿಯಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ತರಹ. ಕಡ್ಡಿ ಅಂದರೆ ಸಣಕಲು, ಉದ್ದ. ಡಬ್ಬಿ ಅಂದರೆ ದುಂಡಗೆ, ಗಿಡ್ಡ. ಬ್ಯಾಡಗಿಗೆ ಬೆಲೆ ಬರೋದು ಖಾರಕ್ಕಿಂತ ಜಾಸ್ತಿ ಬಣ್ಣಕ್ಕೆ. ಆ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ ಅಂತ ಕೇಳಿ ಮಗಳಿಗೆ ಭಾರಿ ಖುಷಿ. ಟಿವಿಯ ಬೆಂಕಿಯ ಮಾತು ಆಮೇಲೆ ಅವಳ ಬಾಯಲ್ಲಿ ಬರಲೇ ಇಲ್ಲ. ಮಕ್ಕಳಿಗೆ ಸುದ್ದಿ ಬೇಡ ಅಂತ ಮುಚ್ಚಿಡೋದು ನನಗೆ ಸರಿ ಅನ್ನಿಸೋದಿಲ್ಲ. ಬೆಂಕಿಯನ್ನಷ್ಟೇ ತೋರಿಸಿ ಬಿಡೋದು ಇನ್ನೂ ತಪ್ಪು.

ಓಡಾಟ ಬಹುತೇಕ ವಾಯವ್ಯ ಸಾರಿಗೆಯ ಕೆಂಪು ಬಸ್ಸಿನಲ್ಲೇ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ನಾನು, ಅತ್ತಿ, ಮಗಳು ಮೂವರಿಗೂ ಶೂನ್ಯ ಟಿಕೆಟ್. ಮಗನಿಗೆ ಇನ್ನೂ ಆರು ತುಂಬಿಲ್ಲ, ಅವನಿಗೂ ಟಿಕೆಟ್ ಇಲ್ಲ. ದುಡ್ಡು ಕೊಡೋದು ನಮ್ಮವರೊಬ್ಬರೇ. 2025ರ ಜನವರಿಯಲ್ಲಿ ದರ ನೂರಕ್ಕೆ 15ರಷ್ಟು ಏರಿತು, ಆದರೂ ಐದು ಜನರ ಖರ್ಚು ಒಬ್ಬರ ಟಿಕೆಟ್ಟಿನಲ್ಲಿ ಮುಗಿಯುತ್ತೆ.

ಈ ಯೋಜನೆಯ ಬಗ್ಗೆ ಕಟ್ಟೆಯ ಮೇಲೆ ಕೂತು ಮಾತಾಡುವವರು ಬಹಳ. ಗದ್ದಲ ಜಾಸ್ತಿ ಆಗಿದೆ ಅನ್ನೋದು ಖರೆ. ಹಬ್ಬದ ಮುಂದೆ ನಿಂತು ಹೋಗೋದೇ ಕಾಯಂ. ಆದರೆ ನಮ್ಮ ಅತ್ತಿಯನ್ನು ನೋಡಿದವಳು ನಾನು. ಮೊದಲು ತವರಿಗೆ ಹೋಗಬೇಕು ಅಂದರೆ ಮಗ ಅಂಗಡಿಯಿಂದ ಬರುವವರೆಗೆ ಕಾದು, ಕೇಳೋದೋ ಬೇಡವೋ ಅಂತ ವಿಚಾರ ಮಾಡಿ, ಎಷ್ಟೋ ಸಲ ಸುಮ್ನೆ ಕೂತುಬಿಡುತ್ತಿದ್ದರು. ಈಗ ಆಧಾರ್ ಕಾರ್ಡನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು, "ಸಂಜೀಕ ಬರ್ತೀನಿ ನೋಡವಾ" ಅಂತ ಹೇಳಿ ಹೊರಟೇಬಿಡುತ್ತಾರೆ. ಬಸ್ ಜಾಸ್ತಿ ಬಿಡಿ ಅಂತ ಕೇಳೋಣ. ಯೋಜನೆಯೇ ಬೇಡ ಅನ್ನುವವರ ಜೊತೆ ನಾನು ಕೂಡೋದಿಲ್ಲ.

ಸಣ್ಣ ಮಕ್ಕಳ ಜೊತೆ ಬಸ್ಸಿನಲ್ಲಿ ಹೋಗುವವರಿಗೆ ಒಂದೆರಡು ಮಾತು. ಹಿಂದಿನ ಗಾಲಿಯ ಮೇಲಿನ ಸೀಟು ಬೇಡ, ಕುಲುಕಾಟಕ್ಕೆ ವಾಂತಿ ಬರುತ್ತೆ. ಮುಂಜಾನೆ ಹೊಟ್ಟೆ ತುಂಬ ತಿನ್ನಿಸಬೇಡಿ, ಒಂದು ಚಪಾತಿ ಸಾಕು. ನಮ್ಮ ಬುತ್ತಿ ಯಾವಾಗಲೂ ಒಂದೇ ತರಹ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಡಕಿಕಾಳು ಪಲ್ಯ, ಮಕ್ಕಳಿಗೆ ಮೊಸರನ್ನ. ಒಂದು ದಿನಕ್ಕೆ ಒಂದೇ ಜಾಗ. ಹಾದಿಯಲ್ಲೇ ಇದೆಯಲ್ಲ ಅಂತ ಎರಡನೆಯದನ್ನು ಸೇರಿಸಿದರೆ ಮಕ್ಕಳು ಮೊದಲನೆಯದನ್ನೂ ಮರೆತುಬಿಡುತ್ತಾರೆ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಿಗೆ ಬರುವ ಸುದ್ದಿ ನೀರು. ಓಣಿಗೆ ನಳ ಬರೋದು ನಾಲ್ಕೈದು ದಿನಕ್ಕೊಮ್ಮೆ. ಬರುವ ದಿನ ಮನೆಯ ಕೆಲಸವೆಲ್ಲ ಅದರ ಸುತ್ತಲೇ. ಟಾಕಿ, ಬ್ಯಾರಲ್, ಕೊಡ, ಕಡೆಗೆ ಮಗನ ಆಟದ ಬಕೆಟ್ಟೂ ತುಂಬುತ್ತೆ. ನಡುರಾತ್ರಿ ಬಂದರೆ ನಾನೋ ನಮ್ಮವರೋ ಎದ್ದು ಕೂರಬೇಕು. ಒಂದು ಸಲ ಮಗಳು ಪೈಪು ಹಿಡಿದು ನಿಂತಾಗ, ಈ ನೀರು ಹೊರಡೋದು ಎಲ್ಲಿಂದ ಅಂತ ಕೇಳಿದಳು. ಕ್ಯಾಲೆಂಡರಿನ ಹಿಂದೆ ಸವದತ್ತಿ ಅಂತ ಬರೆದೆ.

ಧಾರವಾಡ ದಾಟಿ ಸವದತ್ತಿ ರಸ್ತೆ ಹಿಡಿದರೆ ಮೊದಲು ಅಮ್ಮಿನಭಾವಿ ಬರುತ್ತೆ. ಹುಬ್ಬಳ್ಳಿ, ಧಾರವಾಡ ಎರಡೂ ಊರಿಗೆ ಬರುವ ಮಲಪ್ರಭೆಯ ನೀರು ಶುದ್ಧವಾಗೋದು ಅಲ್ಲಿಯೇ. ಬಸ್ಸಿನಿಂದ ತೋರಿಸಿದೆ. ಅಲ್ಲಿಂದ ಮುಂದೆ ಅವಳು ಕಿಟಕಿ ಬಿಡಲೇ ಇಲ್ಲ. ಎಲ್ಲಿ ದಪ್ಪ ಪೈಪು ಕಂಡರೂ, ಇದರೊಳಗೆ ನಮ್ಮ ನೀರೇ ಹೋಗುತ್ತಿದೆಯಾ ಅಂತ ಕೇಳುತ್ತಿದ್ದಳು. ಸವದತ್ತಿಯಲ್ಲಿ ಅತ್ತಿಯ ಹರಕೆ ಇತ್ತು, ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದರು. ನಾವು ನವಿಲುತೀರ್ಥದ ಕಡೆ ಹೋದೆವು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಅಣೆಕಟ್ಟು, ಅದರ ಹಿಂದೆ ರೇಣುಕಾ ಸಾಗರ. ನೀರು ಆಚೆ ದಡ ಕಾಣದ ಹಾಗೆ ಹರಡಿಕೊಂಡಿತ್ತು. ಇಷ್ಟು ನೀರು ಇದ್ದೂ ನಮ್ಮ ಮನೆಗೆ ದಿನಾಲೂ ಯಾಕೆ ಬರೋದಿಲ್ಲ? ಮಗಳ ಈ ಪ್ರಶ್ನೆಗೆ ನಮ್ಮವರು ನೆಲದ ಮೇಲೆ ಕಡ್ಡಿಯಿಂದ ಗೀಚಿ ಉತ್ತರ ಕೊಟ್ಟರು.

ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ನಮ್ಮ ಟಾಕಿ ಸಾವಿರ ಲೀಟರಿನದು. ಹಾಗಾದರೆ ಒಂದು ಟಿಎಂಸಿಗೆ 2 ಕೋಟಿ 83 ಲಕ್ಷ ಟಾಕಿ. ಈ ಅಣೆಕಟ್ಟು ತುಂಬಿದರೆ 37 ಟಿಎಂಸಿಗಿಂತ ಸ್ವಲ್ಪ ಜಾಸ್ತಿ. ಆದರೆ ಅದು ನಮ್ಮದಷ್ಟೇ ಅಲ್ಲ. ಸವದತ್ತಿ, ನವಲಗುಂದ, ನರಗುಂದ, ರೋಣದ ಕಡೆಯ ಹೊಲಗಳ ಕಾಲುವೆಗೂ ಇಲ್ಲಿಂದಲೇ ಹೋಗಬೇಕು. ಮಳೆ ಕೈಕೊಟ್ಟ ವರ್ಷ ಅಣೆಕಟ್ಟು ತುಂಬೋದೇ ಇಲ್ಲ. ತುಂಬಿದ ವರ್ಷವೂ ಊರೊಳಗಿನ ಪೈಪು, ಟಾಕಿ ಸರಿ ಇಲ್ಲದಿದ್ದರೆ ನಳ ಬರೋದಿಲ್ಲ.

ನಮ್ಮ ಮನೆಯವರ ಮೂಲ ಊರು ನವಲಗುಂದ ತಾಲೂಕಿನಲ್ಲಿ. ಅಲ್ಲಿ ಜುಲೈ 21 ಬಂತು ಅಂದರೆ ಎಲ್ಲರಿಗೂ ನೆನಪಾಗುತ್ತೆ. 1980ರಲ್ಲಿ ಕಾಲುವೆಯ ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಕರ ಕೇಳಿದರು ಅಂತ ರೈತರು ಎದ್ದು ನಿಂತಿದ್ದರು. ಆ ದಿನ ನವಲಗುಂದ, ನರಗುಂದ ಎರಡರಲ್ಲೂ ಗೋಲಿಬಾರ್ ಆಗಿ ರೈತರು ಸತ್ತರು. 2015ರ ಜುಲೈನಲ್ಲಿ, ಗೋವಾ ಕಡೆ ಹರಿಯುವ ಮಹದಾಯಿ ನದಿಯ ನೀರಿಗಾಗಿ ನರಗುಂದದಲ್ಲಿ ಮತ್ತೆ ಧರಣಿ ಕೂತರು. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, ಅದರಲ್ಲಿ ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು 3.9. ಇಷ್ಟು ವರ್ಷ ಆದರೂ ಆ ನೀರು ಹರಿದಿಲ್ಲ. ಮಗಳು ಅವತ್ತು ಬಸ್ಸಿನಲ್ಲಿ ಕೂತು 3.9 ಟಿಎಂಸಿಗೆ ಎಷ್ಟು ಟಾಕಿ ಅಂತ ಲೆಕ್ಕ ಹಾಕಿದಳು. ಹನ್ನೊಂದು ಕೋಟಿ ಬಂತು.

ಇಲ್ಲಿ ನನ್ನ ಮನಸ್ಸಿನ ಮಾತು ಹೇಳಿಬಿಡುತ್ತೇನೆ. ನೀರು ಬೇಕೇ ಬೇಕು. ನಡುರಾತ್ರಿ ಕೊಡ ಹಿಡಿದು ಕಾದವರಿಗೆ ಅದು ಗೊತ್ತು. ಆದರೆ ಆ ನೀರು ತಿರುಗಿಸಲು ಕೆಲಸ ನಡೆಯಬೇಕಾದ ಖಾನಾಪುರದ ಕಾಡು ಇದೆಯಲ್ಲ, ಮಲಪ್ರಭೆ ಹುಟ್ಟುವ ಕಣಕುಂಬಿಯೂ ಅದೇ ಕಾಡಿನಲ್ಲಿದೆ. ಆ ಕಾಡು ತೆಳುವಾದರೆ ಈ ಅಣೆಕಟ್ಟಿಗೆ ಬರುವ ನೀರೇ ಕಡಿಮೆ ಆಗಬಹುದು ಅನ್ನೋ ಅಂಜಿಕೆ ನನಗಿದೆ. ಗಿಡ ಎಷ್ಟು ಕಡಿಯಬೇಕಾಗುತ್ತೆ, ಎಷ್ಟು ಉಳಿಸಬಹುದು ಅನ್ನೋದನ್ನ ನಮ್ಮಂಥವರಿಗೆ ತಿಳಿಯುವ ಮಾತಿನಲ್ಲಿ ಮುಂದಿಡಬೇಕು. ಸವದತ್ತಿಯಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ಹಲ್ಲುಜ್ಜುವಾಗ ನಳ ಬಿಟ್ಟು ನಿಲ್ಲೋದಿಲ್ಲ. ಮಗಳದೇ ಕಾವಲು, ಅಪ್ಪನಿಗೂ ಬಿಡೋದಿಲ್ಲ.

ಆಗಸ್ಟ್ ತಿಂಗಳಿಗೆ ದೂರ ಹೋಗುವ ಜರೂರಿಲ್ಲ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, 1957ರಲ್ಲಿ ಶುರುವಾಗಿದ್ದು. ಖಾದಿಯ ರಾಷ್ಟ್ರಧ್ವಜಕ್ಕೆ ಬಿಐಎಸ್ ಅನ್ನುವ ಸರ್ಕಾರಿ ಗುಣಮಟ್ಟದ ಗುರುತು ಪಡೆದ ಸಂಸ್ಥೆ ಅದು. ಧ್ವಜದ ಅಳತೆ ಒಂಬತ್ತು ತರಹ. ಸಣ್ಣದು ಆರು ಇಂಚು ಉದ್ದ, ನಾಲ್ಕು ಇಂಚು ಅಗಲ. ದೊಡ್ಡದು ಇಪ್ಪತ್ತೊಂದು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ. ಕೆಲಸ ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ನಾವು ಅಲ್ಲಿಂದ ತಂದ ಧ್ವಜವನ್ನು ಮಗಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಎರಡೂ ಬದಿಯ ಚಕ್ರ ಒಂದರ ಮೇಲೊಂದು ಕರೆಕ್ಟಾಗಿ ಕೂತಿತ್ತು. ಇಪ್ಪತ್ನಾಲ್ಕು ಗೆರೆಗಳನ್ನು ಬೆರಳಿಟ್ಟು ಎಣಿಸಿದಳು.

2021ರ ಡಿಸೆಂಬರ್ ಕೊನೆಗೆ ಧ್ವಜ ಸಂಹಿತೆ ಬದಲಾಗಿ, ಮಷೀನಿನಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಆಯಿತು. ಮುಂದಿನ ವರ್ಷ ಬೆಂಗೇರಿಯಲ್ಲಿ ಅದರ ವಿರುದ್ಧ ಪ್ರತಿಭಟನೆ ನಡೆಯಿತು. ಮನೆ ಮನೆಗೆ ಧ್ವಜ ಮುಟ್ಟಬೇಕು, ಕಡಿಮೆ ರೇಟಿಗೆ ಸಿಗಬೇಕು ಅನ್ನೋದು ತಿಳಿಯುತ್ತೆ. ಆದರೆ ನೂಲುವವರು, ನೇಯುವವರು, ಹೊಲಿಯುವವರು ನಮ್ಮ ಸುತ್ತಮುತ್ತಲಿನ ಹಳ್ಳಿಯವರೇ. ಅವರ ಕೈಯ ಕೆಲಸ ಕಿತ್ತುಕೊಂಡು ಹಬ್ಬ ಮಾಡೋದು ನನ್ನ ಮನಸ್ಸಿಗೆ ಒಗ್ಗೋದಿಲ್ಲ. ಸಣ್ಣ ಅಳತೆಯ ಖಾದಿ ಧ್ವಜ ಒಂದು ಕೊಂಡರೆ ವರ್ಷಗಟ್ಟಲೆ ಬಾಳುತ್ತೆ. ಒಗೆದು, ಮಡಚಿ, ಕಪಾಟಿನಲ್ಲಿ ಜ್ವಾಕಿ ಮಾಡಿ ಇಡಿ.

ಎಲ್ಲೂ ಹೋಗಲಾಗದ ರವಿವಾರಗಳೇ ಹೆಚ್ಚು. ಅಂಗಡಿಯ ಲೆಕ್ಕ ಇರುತ್ತೆ, ಯಾರಿಗೋ ಜ್ವರ ಇರುತ್ತೆ. ಅಂಥ ದಿನ ಸಂಜೆ ಉಣಕಲ್ ಕೆರೆಯ ದಂಡೆ, ಗಿರಮಿಟ್ಟು, ಮಿರ್ಚಿ. ಇಲ್ಲವೇ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಸಿದ್ಧಾರೂಢ ಸ್ವಾಮೀಜಿ ಸ್ಟೇಷನ್. ಅಲ್ಲಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಅಂತ ಸುದ್ದಿ ಬಂದಾಗಿನಿಂದ ಮಗನಿಗೆ ಅದರ ಈ ತುದಿಯಿಂದ ಆ ತುದಿಗೆ ನಡೆಯೋದೇ ದೊಡ್ಡ ಪ್ರವಾಸ. ವಾಪಸ್ ಬರುವಾಗ ಹೆಗಲೇರುತ್ತಾನೆ.

ಚಳಿಗಾಲಕ್ಕೆ ಮಾತ್ರ ಜಾಗ ಕಾಯಂ ಆಗಿದೆ, ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಅಘನಾಶಿನಿ ಅಳಿವೆ, ಅಂಕಸಮುದ್ರದ ಜೊತೆಗೆ ಇದೂ 2024ರಲ್ಲಿ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಓದಿ ಹೋದದ್ದು. ಪಟ್ಟೆ ತಲೆ ಹೆಬ್ಬಾತುಗಳು ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಈ ಕೆರೆಗೆ ಬರುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಅದರಿಂದಲೇ ಗುರುತು ಹಿಡಿಯಬೇಕು. ಹೋಗುವವರು ನವೆಂಬರ್ ಕಳೆದ ಮೇಲೆ ಹೋಗಿ, ಬೆಳಿಗ್ಗೆ ಬೇಗ ಮುಟ್ಟಿ. ಮಕ್ಕಳಿಗೆ ಕೆಂಪು, ಹಳದಿ ಅಂಗಿ ಬೇಡ. ದಂಡೆಯ ತೀರಾ ಹತ್ತಿರ ಹೋಗಬೇಡಿ, ಒಂದು ಎದ್ದರೆ ಹಿಂಡೇ ಏಳುತ್ತೆ. ಯಾರದಾದರೂ ಬೈನಾಕ್ಯುಲರ್ ಸಿಕ್ಕರೆ ಬೇಡಿ ತನ್ನಿ. ನಾವು ಪಕ್ಕದ ಮನೆಯವರದ್ದು ತಂದಿದ್ದೆವು.

ಈ ಸಲ ಅತ್ತಿಯೂ ಬರುತ್ತೇನೆ ಅಂದಿದ್ದಾರೆ. ಅಷ್ಟು ಹಕ್ಕಿ ಬಂದು ಹೊಲಕ್ಕೆ ಇಳಿದರೆ ಬೆಳೆಯ ಗತಿ ಏನು, ಆ ಊರಿನವರು ಹೇಗೆ ಸಹಿಸುತ್ತಾರೆ ಅಂತ ಅವರಿಗೆ ಚಿಂತೆ. ನನಗೂ ಅದು ತಿಳಿಯಬೇಕಿದೆ. ಮಾಗಡಿಯ ರೈತರನ್ನೇ ಕೇಳೋಣ ಅಂತ ಮಗಳು ಪ್ರಶ್ನೆಗಳನ್ನು ಈಗಲೇ ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದಾಳೆ.