ಸರಿಯಾದ ವಾಕ್ಯಕ್ಕೆ ನಾನು ಎಳೆದ ಕೆಂಪು ಗೆರೆ

ಬಸವನಗುಡಿಯ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಲಾಲ್‌ಬಾಗಿನ ಬಗ್ಗೆ ಒಂದು ಪುಟ ಬರೆದು ತನ್ನಿ ಅಂದಿದ್ದೆ. ಒಬ್ಬ ಹುಡುಗಿ ಹೀಗೆ ಬರೆದಿದ್ದಳು: ‘ವಿ ಕ್ಲೈಂಬ್ಡ್ ದ ರಾಕ್ ಆನ್ ವಿಚ್ ಸ್ಟ್ಯಾಂಡ್ಸ್ ಎ ಸ್ಮಾಲ್ ಟವರ್.’ ಸುಮಾರು 300 ಕೋಟಿ ವರ್ಷದ ಆ ಬಂಡೆ, ಅದರ ಮೇಲಿನ ಕೆಂಪೇಗೌಡ ಗೋಪುರ. ನಾನು ‘ಸ್ಟ್ಯಾಂಡ್ಸ್’ ಕೆಳಗೆ ಕೆಂಪು ಗೆರೆ ಎಳೆದು, ‘ಇದು ಕೊನೆಗೆ ಬರಬೇಕು’ ಎಂದು ಬರೆದೆ.

‘ಮಿಸ್, ನಾನು ಓದಿದ ಕಡೆ ಹೀಗೇ ಇತ್ತು’ ಅಂದಳು. ಅವಳು ಹೇಳಿದ್ದೇ ಸರಿ.

ಗೆರೆ ಎಳೆದದ್ದಕ್ಕೆ ಕಾರಣವಿತ್ತು. ನಮ್ಮ ಮಕ್ಕಳು ‘ದ ಸ್ಕೂಲ್ ವೇರ್ ಡಿಡ್ ಐ ಸ್ಟಡಿ’ ಎಂದು ಬರೆಯುವುದು ಮಾಮೂಲು. ಪ್ರಶ್ನೆಯಲ್ಲಿ ‘ವೇರ್’ ಆದಮೇಲೆ ‘ಡಿಡ್’ ಹಾಕಿ ಹಾಕಿ ಕೈಗೆ ಅದೇ ಅಭ್ಯಾಸ. ನಾಮಪದವನ್ನು ವಿವರಿಸುವ ಉಪವಾಕ್ಯದಲ್ಲಿ ಅದು ತಪ್ಪು, ‘ವೇರ್ ಐ ಸ್ಟಡೀಡ್’ ಆಗಬೇಕು. ಇದನ್ನು ತಿದ್ದೀ ತಿದ್ದೀ, ಕರ್ತೃವಿಗಿಂತ ಮೊದಲು ಕ್ರಿಯಾಪದ ಕಂಡರೆ ಸಾಕು, ಪೆನ್ನು ತಾನಾಗಿ ಓಡುತ್ತಿತ್ತು. ಹುಡುಗಿಯ ವಾಕ್ಯದಲ್ಲಾದರೋ ‘ಡಸ್’ ಇಲ್ಲವೇ ಇಲ್ಲ. ಕ್ರಿಯಾಪದವೇ ಇಡಿಯಾಗಿ ಮುಂದೆ ಬಂದಿದೆ. ಅದು ಬೇರೆಯೇ ರಚನೆ.

ಮಕ್ಕಳಿಗೆ ವಿವರಿಸುವ ದಾರಿ ನನಗೆ ಸಿಕ್ಕಿದ್ದು ಕನ್ನಡದಲ್ಲೇ. ‘ಬಂಡೆ ಮೇಲೆ ಏನಿದೆ?’ ಎಂದು ಕೇಳಿದೆ. ‘ಬಂಡೆ ಮೇಲೆ ಒಂದು ಗೋಪುರ ಇದೆ.’ ‘ಗೋಪುರ ಎಲ್ಲಿದೆ?’ ‘ಗೋಪುರ ಬಂಡೆ ಮೇಲಿದೆ.’ ಯಾರೂ ಹೇಳಿಕೊಡದೆ ಪದಗಳ ಜಾಗ ಬದಲಾಯಿತು. ಗೊತ್ತಿರುವುದು ಮೊದಲು, ಹೊಸದು ಆಮೇಲೆ. ಇಂಗ್ಲಿಷಿನವರು ಇಲ್ಲಿ ಮಾಡುವುದೂ ಅದನ್ನೇ. ಕರ್ತೃ ‘ಏನಿದೆ?’ ಎಂಬುದಕ್ಕೆ ಉತ್ತರವಾದರೆ ಅದು ಕೊನೆಗೆ ಹೋಗಬಹುದು. ‘ಇಟ್’ ಎಂದರೆ ಆಗಲೇ ಗೊತ್ತಿರುವ ವಸ್ತು, ಆದ್ದರಿಂದ ‘ಆನ್ ವಿಚ್ ಸ್ಟ್ಯಾಂಡ್ಸ್ ಇಟ್’ ಆಗದು, ‘ಆನ್ ವಿಚ್ ಇಟ್ ಸ್ಟ್ಯಾಂಡ್ಸ್’ ಎಂದೇ ಆಗಬೇಕು. ಸ್ಟ್ಯಾಂಡ್, ಲೈ, ಹ್ಯಾಂಗ್ ಥರದ ಕ್ರಿಯಾಪದಗಳಿಗೆ ಇದು ಒಗ್ಗುತ್ತದೆ. ‘ಪತ್ರ ಬರೆದಳು’ ಎನ್ನುವಂತೆ ಕರ್ಮ ಜೊತೆಗಿದ್ದರೆ ಒಗ್ಗುವುದಿಲ್ಲ.

ನಿಜವಾಗಿ ಕಾಡಿದ್ದು ವಚನ. ಮರುದಿನ ಇನ್ನೊಬ್ಬ ‘ದ ಗಾರ್ಡನ್ ಇನ್ ವಿಚ್ ಸ್ಟ್ಯಾಂಡ್ಸ್ ಮೆನಿ ಓಲ್ಡ್ ಟ್ರೀಸ್’ ಎಂದು ಬರೆದು ತಂದ. ಕರ್ತೃ ಗಾರ್ಡನ್ ಅಲ್ಲ, ಟ್ರೀಸ್, ‘ಸ್ಟ್ಯಾಂಡ್’ ಆಗಬೇಕು. ಬೆಂಗಳೂರಿನ ಮಾತಲ್ಲಿ ನಾವು ‘ಅಲ್ಲಿ ಮರಗಳಿದೆ’ ಅಂದುಬಿಡುತ್ತೇವಲ್ಲ, ಕಿವಿಗೆ ತಪ್ಪು ತಟ್ಟುವುದೇ ಇಲ್ಲ. ‘ಮರಗಳಿವೆ’ ಎಂದು ಹೇಳಿ ನೋಡಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ ಅಂದೆ. ಅಂದಿನಿಂದ ಆ ತಪ್ಪು ಬಹಳ ಕಡಿಮೆಯಾಗಿದೆ.

ಹುಡುಗಿಯ ನೋಟ್‌ಬುಕ್ ಮತ್ತೆ ತರಿಸಿ, ನನ್ನ ಷರಾ ಹೊಡೆದುಹಾಕಿ ‘ಸರಿ’ ಎಂದು ಬರೆದೆ. ‘ಆನ್ ವಿಚ್ ಎ ಸ್ಮಾಲ್ ಟವರ್ ಸ್ಟ್ಯಾಂಡ್ಸ್’ ಕೂಡ ಸರಿಯೇ ಎಂದು ಅವಳಿಗೆ ಹೇಳಿದೆ. ಬರವಣಿಗೆಯಲ್ಲಿ, ಅದರಲ್ಲೂ ಕರ್ತೃ ಉದ್ದವಾಗಿದ್ದಾಗ, ಅವಳು ಬರೆದದ್ದೇ ನನಗೆ ಹೆಚ್ಚು ಇಷ್ಟ. ಮಾತಿನಲ್ಲಾದರೆ ‘ದ ರಾಕ್ ವಿತ್ ಎ ಸ್ಮಾಲ್ ಟವರ್ ಆನ್ ಇಟ್’ ಅಂದರೆ ಸಾಕು.