ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಹೊಸದಾಗಿ ಬಂದವರಿಗೆ: ಮಕ್ಕಳ ಕಾಲೇಜು ಫೀಸಿನ ವಿಚಾರ

ಅಣ್ಣನೋ ಅಕ್ಕನೋ ಹಾಕಿದ ಅರ್ಜಿಗೆ ವರ್ಷಗಟ್ಟಲೆ ಕಾದು, ಗ್ರೀನ್ ಕಾರ್ಡ್ ಹಿಡಿದು ಇಲ್ಲಿಗೆ ಬರುವ ನಮ್ಮವರಿದ್ದಾರೆ. ಊರಲ್ಲಿ ವರ್ಕ್‌ಶಾಪ್ ಸೂಪರ್‌ವೈಸರ್ ಆಗಿದ್ದವರು ಇಲ್ಲಿ ಅಂಗಡಿಯಲ್ಲಿ ಅಕ್ಕಿಮೂಟೆ ಎತ್ತುತ್ತಾರೆ. ಮಗಳಿಗೆ ಇಂಜಿನಿಯರಿಂಗ್ ಓದಿಸಬೇಕು, ಫೀಸು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಮ್ಯುನಿಟಿ ಕಾಲೇಜು, ಅಂದರೆ ಡಿಗ್ರಿಯ ಮೊದಲ ಎರಡು ವರ್ಷವನ್ನು ಕಡಿಮೆ ಫೀಸಿಗೆ ಓದಿಸುವ ಸರ್ಕಾರಿ ಕಾಲೇಜು, ಎಂದ ಕೂಡಲೇ ಮುಖ ಚಿಕ್ಕದು ಮಾಡಿಕೊಳ್ಳಬೇಡಿ. ನಮ್ಮ ಫ್ರೀಮಾಂಟಿನ ಓಲೋನಿ ಕಾಲೇಜಿನಲ್ಲಿ ಯೂನಿಟ್ಟಿಗೆ (ಕೋರ್ಸಿನ ಭಾರ ಅಳೆಯುವ ಲೆಕ್ಕ) 46 ಡಾಲರ್. ಸೆಮಿಸ್ಟರಿಗೆ 12 ಯೂನಿಟ್ ಓದಿದರೆ 552. ಎರಡು ವರ್ಷ ಇಲ್ಲಿ ಓದಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಡೇವಿಸ್‌ಗೋ ಸಾಂಟಾ ಕ್ರೂಜ್‌ಗೋ ಟ್ರಾನ್ಸ್‌ಫರ್ ಆದರೆ ಡಿಗ್ರಿ ಕೊಡುವುದು ಆ ಯೂನಿವರ್ಸಿಟಿಯೇ. ಯಾವ ಕೋರ್ಸು ಎಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ಮೊದಲ ಸೆಮಿಸ್ಟರಿಗೂ ಮುಂಚೆಯೇ ನೋಡಿಕೊಳ್ಳಿ. ಆದರೆ ಈ 46 ಡಾಲರಿನ ದರ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ನೆಲೆಸಿದವರಿಗೆ. ಅದಕ್ಕೂ ಮುಂಚೆ ಸೇರಿದರೆ ಹಲವು ಪಟ್ಟು ಹೆಚ್ಚು. ಹಾಗಾಗಿ ಬಂದಿಳಿದ ದಿನದಿಂದಲೇ ಮನೆ ಬಾಡಿಗೆ ಕರಾರು, ಬ್ಯಾಂಕ್ ಕಾಗದ, ಲೈಸೆನ್ಸು ಎಲ್ಲ ಜೋಪಾನವಾಗಿಡಿ.

ಇನ್ನು ಫ್ಯಾಫ್ಸಾ ಫಾರ್ಮ್, ಅಂದರೆ ಓದಿನ ನೆರವಿಗಾಗಿ ಅಮೆರಿಕದ ಕೇಂದ್ರ ಸರ್ಕಾರಕ್ಕೆ ಹಾಕುವ ಅರ್ಜಿ. ಕಡಿಮೆ ಆದಾಯದವರ ಮಕ್ಕಳಿಗೆ ಅದೇ ಸರ್ಕಾರ ಕೊಡುವ ಪೆಲ್ ಗ್ರಾಂಟಿನಿಂದ ಹಿಡಿದು ಹೆಚ್ಚುಕಡಿಮೆ ಎಲ್ಲ ನೆರವಿಗೂ ಅದೇ ಬಾಗಿಲು. 2025–26ಕ್ಕೆ ಪೆಲ್ ಗರಿಷ್ಠ 7,395 ಡಾಲರ್, ಹಿಂದಿರುಗಿಸಬೇಕಿಲ್ಲ. ಕಳೆದ ವರ್ಷ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಒಂದು ಕುಟುಂಬದ ಜೊತೆ ಕೂತು ಅದನ್ನು ತುಂಬಿದೆವು. ಫಾರ್ಮ್ ಕೇಳುವುದು ಎರಡು ವರ್ಷ ಹಿಂದಿನ ಆದಾಯ. ಆಗ ಅವರು ದಾವಣಗೆರೆಯಲ್ಲಿದ್ದರು. ‘ಅದು ಇಲ್ಲಿಯ ದುಡ್ಡಲ್ಲವಲ್ಲ, ಸೊನ್ನೆ ಹಾಕಿಬಿಡೋಣ’ ಎಂದರು. ಹಾಗೆ ಮಾಡಲೇಬೇಡಿ. ರೂಪಾಯಿಯ ಸಂಬಳವನ್ನು ಫಾರ್ಮ್ ತುಂಬುವ ದಿನದ ದರಕ್ಕೆ ಡಾಲರ್ ಮಾಡಿ ಬರೆಯಬೇಕು. ಆಗಿನದಕ್ಕಿಂತ ಈಗ ಆದಾಯ ಇಳಿದಿದ್ದರೆ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೆ ಪತ್ರ ಕೊಟ್ಟು ಮರುಪರಿಶೀಲನೆ ಕೇಳಬಹುದು.

ಲೆಕ್ಕವೆಲ್ಲ ಮುಗಿದ ಮೇಲೆ ಆ ತಂದೆ ಸಬ್ಮಿಟ್ ಒತ್ತದೆ ಸುಮ್ಮನೆ ಕೂತರು. ‘ಇನ್ನೊಬ್ಬರ ಮುಂದೆ ಕೈ ಚಾಚಿದ ಹಾಗಾಗುತ್ತಲ್ಲ’ ಎಂದರು. ಆ ಸಂಕೋಚ ನನಗೆ ಚೆನ್ನಾಗಿ ಗೊತ್ತು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕೆಲಸದ ವೀಸಾ ಎಚ್-1ಬಿಗೆ ಅರ್ಜಿ ಹಾಕುವಾಗ ಕಂಪನಿಗಳು 750 ಅಥವಾ 1,500 ಡಾಲರಿನ ಒಂದು ಶುಲ್ಕ ಕಟ್ಟುತ್ತವೆ. 1998ರ ಕಾನೂನಿನ ಪ್ರಕಾರ ಅದರಲ್ಲೊಂದು ಪಾಲು ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಹೋಗಿ, ವಿಜ್ಞಾನ-ತಂತ್ರಜ್ಞಾನ ಓದುವ ಬಡ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್ ಆಗುತ್ತದೆ. ಹೆಸರು ಎಸ್-ಸ್ಟೆಮ್. ಬೆಂಗಳೂರಿನಿಂದ ಬಂದ ನಮ್ಮ ಹುಡುಗರ ಅರ್ಜಿಗಳ ಜೊತೆ ಕಟ್ಟಿದ ಹಣವೂ ಅದರಲ್ಲಿದೆ. ಅದನ್ನು ಕೇಳಿದ ಮೇಲೆ ಅವರು ಬಟನ್ ಒತ್ತಿದರು.

ಎಸ್-ಸ್ಟೆಮ್‌ಗೆ ವಿದ್ಯಾರ್ಥಿ ನೇರವಾಗಿ ಫೌಂಡೇಶನ್ನಿಗೆ ಬರೆಯುವಂತಿಲ್ಲ. ಹಣ ಕಾಲೇಜುಗಳಿಗೆ ಬರುತ್ತದೆ, ಆಯ್ಕೆ ಅವರದು. ವರ್ಷಕ್ಕೆ 15,000 ಡಾಲರ್‌ವರೆಗೆ, ಅಗತ್ಯಕ್ಕೆ ತಕ್ಕಂತೆ. ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ, ಸೇರುವ ಮೊದಲೇ ಕೇಳಿ. ವಿಜ್ಞಾನ-ಗಣಿತ ಓದುವವರಿಗೆ ನೆರವಾಗುವ ಮೆಸಾ ಕೇಂದ್ರ ಇದೆಯೇ ಎಂದೂ ಕೇಳಿ. ಅಲ್ಲಿ ದುಡ್ಡಿಗಿಂತ ದೊಡ್ಡದೊಂದು ಸಿಗುತ್ತದೆ: ಕ್ಯಾಲ್ಕುಲಸ್ ಹೇಳಿಕೊಡುವವರು, ಜೊತೆಗೆ ಕೂತು ಓದುವ ಗೆಳೆಯರು. ಈಚೆಗೆ ಬಂದ ಮಗುವಿಗೆ ಅದು ಬಹಳ ಬೇಕು. ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್ ಯೂನಿಟ್ ಫೀಸನ್ನೇ ಮಾಫಿ ಮಾಡುತ್ತದೆ, ಇಓಪಿಎಸ್ ಎಂಬ ನೆರವಿನ ಯೋಜನೆ ಪುಸ್ತಕದ ಖರ್ಚಿಗೆ ಆಗುತ್ತದೆ.

ಎಚ್-1ಬಿಯವರ ಜೊತೆ ಎಚ್-4 ವೀಸಾದಲ್ಲಿ ಬಂದ ಮಕ್ಕಳಿಗೆ ಪೆಲ್ಲೂ ಇಲ್ಲ, ಎಸ್-ಸ್ಟೆಮ್ಮೂ ಇಲ್ಲ, ಹೇಳಲು ಬೇಸರವಾಗುತ್ತದೆ. ಆದರೆ ವರ್ಷ ತುಂಬಿದ ಮೇಲೆ ನಿವಾಸಿಗಳ ದರ ಅವರಿಗೂ ಸಿಗಬಹುದು, ಅಡ್ಮಿಷನ್ ಆಫೀಸಿನಲ್ಲಿ ಪಟ್ಟು ಹಿಡಿದು ಕೇಳಿ.

ಕ್ಯಾಲಿಫೋರ್ನಿಯಾ ರಾಜ್ಯ ಕೊಡುವ ಕ್ಯಾಲ್ ಗ್ರಾಂಟಿಗೆ ಮಾರ್ಚ್ 2 ಗಡುವು. ಅದು ತಪ್ಪಿದರೆ ಕಮ್ಯುನಿಟಿ ಕಾಲೇಜಿನವರಿಗೆ ಸೆಪ್ಟೆಂಬರ್ 2ರ ಇನ್ನೊಂದು ಅವಕಾಶವಿದೆ. ಗ್ರೀನ್ ಕಾರ್ಡು, ಸೋಶಿಯಲ್ ಸೆಕ್ಯೂರಿಟಿ ನಂಬರು, ಊರಿನ ಫಾರ್ಮ್-16 ಹತ್ತಿರ ಇಟ್ಟುಕೊಂಡು ಒಂದು ಭಾನುವಾರ ಮಧ್ಯಾಹ್ನ ಮಗಳ ಪಕ್ಕ ಕೂತುಬಿಡಿ.