ಎಲೆ ಉದುರುವ ದಿನಗಳಲ್ಲಿ ಕೋಳಿ, ಹಸು, ಮೇಕೆಗಳ ಜೊತೆ

ನಮ್ಮದು ಸಣ್ಣ ಹಿಡುವಳಿ. ಒಂದು ಹಸು, ಅದರ ಕರು, ಒಂದಷ್ಟು ಮೇಕೆ, ಕೋಳಿ, ಒಂದು ನಾಯಿ. ಮನೆಯವರೇ ಕೆಲಸದವರು. ವರ್ಷದಲ್ಲಿ ನನಗೆ ಯಾವ ಕಾಲ ಇಷ್ಟ ಅಂತ ಯಾರಾದರೂ ಕೇಳಿದರೆ ಯೋಚನೆ ಮಾಡಬೇಕಾಗಿಲ್ಲ, ಶರತ್ಕಾಲ. ಬೇಸಿಗೆಯ ಓಡಾಟ ಮುಗಿದಿರುತ್ತದೆ, ಚಳಿಗಾಲದ ಪರದಾಟ ಇನ್ನೂ ಶುರುವಾಗಿರುವುದಿಲ್ಲ. ನಡುವೆ ಸಿಗುವ ಈ ಕೆಲವು ವಾರಗಳಲ್ಲಿ ಪ್ರಾಣಿಗಳನ್ನು ಒಂದೊಂದಾಗಿ ಹತ್ತಿರ ಕರೆದು, ಮೈಮೇಲೆ ಕೈಯಾಡಿಸಿ, ಹೇಗಿದ್ದಾವೆ ಅಂತ ನಿಧಾನವಾಗಿ ನೋಡಲು ಆಗುತ್ತದೆ. ಚಳಿಗೆ ತಯಾರಿ ಅಂತ ಮಾಡುವ ಕೆಲಸವೂ ಇದೇ, ನನಗೆ ಖುಷಿ ಕೊಡುವುದೂ ಇದೇ.

ಶರತ್ಕಾಲ ಬಂತು ಅಂತ ನಮಗೆ ಗೊತ್ತಾಗುವುದು ಗಾಳಿ ತಣ್ಣಗಾದಾಗ. ಪ್ರಾಣಿಗಳಿಗೆ ಅದಕ್ಕೂ ಮೊದಲೇ ಗೊತ್ತಾಗಿರುತ್ತದೆ. ಅವು ಲೆಕ್ಕ ಇಡುವುದು ಬೆಳಕಿನದು. ಹಗಲು ಚಿಕ್ಕದಾಗುತ್ತಾ ಬಂದ ಹಾಗೆ ಮೇಕೆ, ಕುರಿ, ಹಸುಗಳ ಮೆದುಳಿನಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನು ರಾತ್ರಿ ಜಾಸ್ತಿ ಹೊತ್ತು ಹರಿಯುತ್ತದೆ. ಕೂದಲು ದಟ್ಟವಾಗುವುದು, ಮೇಕೆ, ಕುರಿಗಳು ಬೆದೆಗೆ ಬರುವುದು, ಹಾಲು ಸ್ವಲ್ಪ ಇಳಿಯುವುದು, ಇದೆಲ್ಲ ಆ ಲೆಕ್ಕದಿಂದಲೇ ಶುರು. ಕೋಳಿಗಳದ್ದು ಇನ್ನೂ ವಿಚಿತ್ರ. ಅವು ಬೆಳಕನ್ನು ಬರೀ ಕಣ್ಣಿನಿಂದ ಗ್ರಹಿಸುವುದಿಲ್ಲ. ತಲೆಬುರುಡೆ ದಾಟಿ ಒಳಗೆ ಹೋದ ಬೆಳಕನ್ನು ಮೆದುಳೇ ನೇರವಾಗಿ ಗುರುತಿಸುತ್ತದೆ. ಇದನ್ನು ತಿಳಿದ ಮೇಲೆ ಸಂಜೆ ಕೋಳಿಗಳು ದಿನದಿನಕ್ಕೂ ಸ್ವಲ್ಪ ಬೇಗ ಗೂಡು ಸೇರುವುದನ್ನು ನೋಡುವಾಗ ನನಗೆ ಬೇರೆಯದೇ ಗೌರವ ಬರುತ್ತದೆ.

ಕೋಳಿಗಳಿಂದಲೇ ಶುರು ಮಾಡುತ್ತೇನೆ. ಮೊದಲು ಬದಲಾಗುವುದು ಅವೇ.

ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ನೆಲದ ತುಂಬಾ ಪುಕ್ಕ. ಯಾವುದೋ ಕಾಡುಪ್ರಾಣಿ ನುಗ್ಗಿ ಹೋದ ಹಾಗೆ ಕಾಣುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ ಓಡಿ ಬಂದು "ಅಮ್ಮಾ, ಕೆಂಪಿಗೆ ಏನೋ ಆಗಿದೆ, ಕತ್ತೆಲ್ಲ ಬೋಳಾಗಿದೆ" ಅಂದಿದ್ದಳು. ಏನೂ ಆಗಿರಲಿಲ್ಲ. ಹಳೆಯ ಗರಿ ಉದುರಿಸಿ ಹೊಸದು ಹಾಕಿಕೊಳ್ಳುತ್ತಿತ್ತು ಅಷ್ಟೇ. ತಲೆ, ಕತ್ತಿನಿಂದ ಶುರುವಾಗಿ ಎದೆ, ಬೆನ್ನು, ಆಮೇಲೆ ರೆಕ್ಕೆ, ಬಾಲ, ಹೀಗೆ ಒಂದು ಕ್ರಮದಲ್ಲಿ ಗರಿ ಹೋಗುತ್ತದೆ. ಎಲ್ಲ ಮುಗಿಯಲು ಎರಡು ಮೂರು ತಿಂಗಳು ಹಿಡಿಯಬಹುದು. ಆ ಹೊತ್ತಿಗೆ ಮೊಟ್ಟೆ ನಿಲ್ಲುತ್ತದೆ, ಜುಟ್ಟಿನ ಕೆಂಪು ಬಣ್ಣವೂ ಮಾಸುತ್ತದೆ.

ಮೊಟ್ಟೆ ನಿಂತಿತಲ್ಲ ಅಂತ ಬೇಸರ ಮಾಡಿಕೊಳ್ಳುವವರೇ ಜಾಸ್ತಿ. ನನಗೆ ಹಾಗೆ ಅನ್ನಿಸುವುದಿಲ್ಲ. ಗರಿಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಪ್ರೋಟೀನ್. ಮೈ ತುಂಬಾ ಹೊಸ ಗರಿ ಕಟ್ಟುವುದು ಅಂದರೆ ಆ ಪುಟ್ಟ ದೇಹಕ್ಕೆ ಎಷ್ಟು ದೊಡ್ಡ ಕೆಲಸ! ಅದರ ಜೊತೆ ಮೊಟ್ಟೆಯನ್ನೂ ಇಡಬೇಕು ಅಂತ ಕೇಳುವುದು ಸರಿಯಲ್ಲ ಅಲ್ವಾ? ಹಗಲು 14ರಿಂದ 16 ಗಂಟೆ ಬೆಳಕಿದ್ದರೆ ಕೋಳಿ ಚೆನ್ನಾಗಿ ಮೊಟ್ಟೆ ಇಡುತ್ತದೆ. ಗೂಡಿನಲ್ಲಿ ಬಲ್ಬು ಹಾಕಿ ಆ ಬೆಳಕು ಕೊಡಬಹುದು, ಮೊಟ್ಟೆ ಮಾರಿಯೇ ಬದುಕುವವರು ಕೊಡುತ್ತಾರೆ. ನಾವು ಹಾಕುವುದಿಲ್ಲ. ವರ್ಷಕ್ಕೊಮ್ಮೆ ಅವಕ್ಕೂ ರಜೆ ಬೇಕು ಅನ್ನುವುದು ನಮ್ಮ ಮನೆಯ ತೀರ್ಮಾನ.

ಈ ಹೊತ್ತಿನಲ್ಲಿ ನಾನು ಮಾಡುವುದು ಸ್ವಲ್ಪವೇ. ಮಾಮೂಲಿ ಆಹಾರದಲ್ಲಿ ಪ್ರೋಟೀನ್ 16 ಪರ್ಸೆಂಟ್ ಸುತ್ತಮುತ್ತ ಇರುತ್ತದೆ. ಅದನ್ನು 18ರಿಂದ 20ಕ್ಕೆ ಏರಿಸುತ್ತೇನೆ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಡಬ್ಬಿಯಲ್ಲಿ ಇಡುತ್ತೇನೆ, ಬೇಕಾದವು ತಿನ್ನುತ್ತವೆ. ಇನ್ನೊಂದು ಮುಖ್ಯ: ಎತ್ತಿಕೊಳ್ಳುವುದನ್ನು ಆದಷ್ಟು ಕಡಿಮೆ ಮಾಡುತ್ತೇನೆ. ಹೊಸ ಗರಿ ಚರ್ಮದಿಂದ ಹೊರಬರುವಾಗ ಸಣ್ಣ ಕಡ್ಡಿಯ ಹಾಗೆ ಇರುತ್ತದೆ. ಬುಡದಲ್ಲಿ ನೀಲಿ ಛಾಯೆ, ತುದಿಯಲ್ಲಿ ಬಿಳಿ ಪೊರೆ. ಆ ನೀಲಿ ಅಂದರೆ ಒಳಗೆ ಓಡುವ ರಕ್ತ. ಒತ್ತಿದರೆ ನೋಯುತ್ತದೆ, ಮುರಿದರೆ ರಕ್ತ ಸುರಿಯುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ ಪೊರೆ ಹೊಟ್ಟಿನಂತೆ ಉದುರಿ, ತುದಿಯಿಂದ ಗರಿ ಬಿಚ್ಚಿಕೊಂಡಿರುತ್ತದೆ. ಬಿಸಿಲಲ್ಲಿ ಆ ಹೊಸ ಬಣ್ಣ ನೋಡಬೇಕು. ಅದೇ ಕೆಂಪಿ ಕೋಳಿಯ ಕತ್ತಿನಲ್ಲಿ ತಾಮ್ರದ ಬಣ್ಣ ಎಷ್ಟು ಗಾಢವಾಗಿ ಬಂದಿತ್ತು ಅಂದರೆ, ಅದನ್ನು ನೋಡಲಿಕ್ಕೆ ಅಂತಲೇ ನಾವು ಅಂಗಳದಲ್ಲಿ ಕೂರುತ್ತಿದ್ದೆವು.

ಗರಿ ಉದುರುವುದನ್ನು ನೋಡಿ ಒಳ್ಳೆಯ ಕೋಳಿ ಯಾವುದು ಅಂತಲೂ ಹೇಳಬಹುದು. ತಡವಾಗಿ ಶುರು ಮಾಡಿ, ಒಟ್ಟಿಗೇ ಉದುರಿಸಿ ಬೇಗ ಮುಗಿಸುವುದು ಸಾಮಾನ್ಯವಾಗಿ ಚೆನ್ನಾಗಿ ಮೊಟ್ಟೆ ಇಡುವ ಕೋಳಿ. ಬೇಗ ಶುರು ಮಾಡಿ ಒಂದೊಂದೇ ಗರಿ ಉದುರಿಸುತ್ತಾ ಕೂರುವುದು ಅಷ್ಟಕ್ಕಷ್ಟೇ. ಹಾಗಂತ ಬೋಳಾದ ಜಾಗವೆಲ್ಲ ಗರಿ ಉದುರುವ ಕಾಲದ್ದೇ ಅಂತ ಬಿಡಬಾರದು. ಹೊಸ ಗರಿಯ ಕಡ್ಡಿಗಳು ಕಾಣದಿದ್ದರೆ, ಚರ್ಮ ಕೆಂಪಾಗಿದ್ದರೆ, ಬಾಲದ ಕೆಳಗೆ ಹೇನು, ಅದರ ಮೊಟ್ಟೆ ಇದೆಯಾ ಅಂತ ಬಿಡಿಸಿ ನೋಡಬೇಕು.

ಇನ್ನು ಎಲೆಗಳು. ಮರದ ಕೆಳಗೆ ಬಿದ್ದದ್ದನ್ನು ಕಸ ಅಂತ ಸುಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ನಮಗೆ ಇಡೀ ಚಳಿಗಾಲದ ಹಾಸು ಅದೇ. ಒಣಗಿದ ದಿನ ನೋಡಿ ಮಕ್ಕಳು, ಅತ್ತೆ, ಎಲ್ಲರೂ ಗುಡಿಸಿ ಚೀಲಕ್ಕೆ ತುಂಬುತ್ತೇವೆ. ಒದ್ದೆ ಎಲೆ ಬೇಡವೇ ಬೇಡ. ಬೂಷ್ಟು ಹಿಡಿದ ಎಲೆಯ ಧೂಳು ಕೋಳಿಗಳ ಶ್ವಾಸಕೋಶಕ್ಕೆ ಕೆಟ್ಟದ್ದು. ಕೋಳಿಗೂಡಿನಲ್ಲಿ ಮೊದಲು ಗೇಣುದ್ದ ಎಲೆ ಹಾಸುತ್ತೇನೆ. ಅವು ಕೆದಕುತ್ತಾ ಹಿಕ್ಕೆಯನ್ನು ಅದರೊಳಗೆ ಬೆರೆಸುತ್ತವೆ. ಹಿಕ್ಕೆಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಎರಡೂ ಸೇರಿದರೆ ಅಲ್ಲೇ ನಿಧಾನಕ್ಕೆ ಗೊಬ್ಬರ ಆಗುತ್ತದೆ, ಸ್ವಲ್ಪ ಕಾವೂ ಕೊಡುತ್ತದೆ. ಮೂಗಿಗೆ ಘಾಟು ಹೊಡೆದರೆ ಇನ್ನೊಂದು ಚೀಲ ಒಣ ಎಲೆ ಸುರಿಯಬೇಕು. ಚೀಲ ಸುರಿದ ಕೂಡಲೇ ಕೋಳಿಗಳು ಆ ರಾಶಿಯ ಮೇಲೆ ಮುಗಿಬೀಳುವುದನ್ನು ನೋಡಲು ಮಕ್ಕಳು ಕಾಯುತ್ತಿರುತ್ತಾರೆ. ಅರ್ಧ ಗಂಟೆಯಲ್ಲಿ ರಾಶಿ ಮಟ್ಟ!

ಎಲ್ಲ ಮರದ ಎಲೆಯೂ ಆಗುವುದಿಲ್ಲ, ಮುಖ್ಯವಾಗಿ ಮೇಕೆ, ಹಸುಗಳ ಹತ್ತಿರ. ಚೆರ್ರಿ, ಪ್ಲಮ್ ಜಾತಿಯ ಮರದ ಕೊಂಬೆ ಮುರಿದು ಎಲೆ ಬಾಡಿದರೆ ಅದರಲ್ಲಿ ಸಯನೈಡ್ ಬಿಡುಗಡೆಯಾಗುತ್ತದೆ. ಓಕ್ ಮರದ ಕಾಯಿ, ಎಲೆ ಜಾಸ್ತಿ ತಿಂದರೆ ಹಸುವಿನ ಮೂತ್ರಪಿಂಡ ಕೆಡುತ್ತದೆ. ಕಣಗಿಲೆಯಂತೂ ಒಣಗಿದರೂ ವಿಷವೇ. ಗಾಳಿ ಬೀಸಿದ ಮರುದಿನ ನಾನು ಬೇಲಿಯ ಸುತ್ತ ಒಂದು ಸುತ್ತು ಹಾಕಿಯೇ ಪ್ರಾಣಿಗಳನ್ನು ಬಿಡುವುದು. ನಾಯಿಗೆ ಈ ಸುತ್ತು ಅಂದರೆ ಪ್ರಾಣ. ಒಂದೊಂದು ಕಂಬವನ್ನೂ ಮೂಸಿಯೇ ಮುಂದೆ ಹೋಗುತ್ತಾನೆ.

ಮೇವಿನ ಲೆಕ್ಕವನ್ನೂ ಇದೇ ಹೊತ್ತಿನಲ್ಲಿ ಹಾಕುತ್ತೇವೆ. ರಾತ್ರಿ ಎಲ್ಲರೂ ಕೂತು, ಮಗಳು ಕಾಗದ ಹಿಡಿದುಕೊಳ್ಳುತ್ತಾಳೆ. 50 ಕೆ.ಜಿ. ತೂಗುವ ಮೇಕೆ ದಿನಕ್ಕೆ ತನ್ನ ತೂಕದ ಶೇಕಡಾ 3ರಷ್ಟು ತಿನ್ನುತ್ತದೆ ಅಂತ ಹಿಡಿದರೆ ಒಂದೂವರೆ ಕೆ.ಜಿ. ಒಣಹುಲ್ಲು. ನಾಲ್ಕು ತಿಂಗಳಿಗೆ 180 ಕೆ.ಜಿ. 400 ಕೆ.ಜಿ. ಹಸುವಿಗೆ ದಿನಕ್ಕೆ 10 ಕೆ.ಜಿ. ಅಂದರೂ 1,200 ಕೆ.ಜಿ. ಬೇಕು. ತುಳಿದು ಹಾಳು ಮಾಡುವುದಕ್ಕೆ ಅಂತ ಇನ್ನೂ ಸ್ವಲ್ಪ ಸೇರಿಸಬೇಕು. ಮೇಕೆ ಕೆಳಗೆ ಬಿದ್ದ ಹುಲ್ಲನ್ನು ಮೂಸಿಯೂ ನೋಡುವುದಿಲ್ಲ. ಹುಲ್ಲು ಪೂರ್ತಿ ಒಣಗದೆ ಬಣವೆ ಹಾಕಿದರೆ ಒಳಗೇ ಕಾವು ಏರಿ ಬೆಂಕಿ ಹೊತ್ತಿಕೊಳ್ಳುವ ಅಪಾಯ ಇದೆ. ಹಾಗಾಗಿ ಹೊಸ ಬಣವೆಗೆ ಒಂದು ಕಬ್ಬಿಣದ ಸರಳು ಚುಚ್ಚಿಟ್ಟಿರುತ್ತೇವೆ. ಮೊದಲ ಕೆಲವು ವಾರ ಎಳೆದು ಮುಟ್ಟಿ ನೋಡುವುದು ಅಭ್ಯಾಸ. ಸರಳು ಕೈ ಸುಡುವಷ್ಟು ಬಿಸಿ ಇದ್ದರೆ ಅಪಾಯ ಹತ್ತಿರದಲ್ಲೇ ಇದೆ ಅಂತ.

ಹಸುವಿನ ಜೊತೆಗಿನ ಹೊತ್ತು ಮಾತ್ರ ಬೇರೆ. ಮಧ್ಯಾಹ್ನದ ಬಿಸಿಲು ಈಗ ಸುಡುವುದಿಲ್ಲ, ನೊಣದ ಕಾಟ ಕಡಿಮೆಯಾಗಿರುತ್ತದೆ. ಅದು ಮೇದು ಬಂದು ಮಲಗುತ್ತದೆ, ನಾನು ಪಕ್ಕದಲ್ಲಿ ಬೆನ್ನು ಒರಗಿಸಿ ಕೂರುತ್ತೇನೆ. ಕೂದಲು ಆಗಲೇ ದಟ್ಟವಾಗಲು ಶುರುವಾಗಿರುತ್ತದೆ, ಬೆರಳು ಒಳಗೆ ಇಳಿಯುತ್ತದೆ. ಗಂಟಲಿನಲ್ಲಿ ಒಂದು ಉಂಡೆ ಮೇಲೆ ಬರುವುದು ಕಾಣುತ್ತದೆ. ಆಮೇಲೆ ಮೆಲುಕು. ಒಂದು ಉಂಡೆಗೆ ಐವತ್ತರ ಆಸುಪಾಸು ಸಲ ಅಗಿಯುತ್ತದೆ, ನುಂಗುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಮತ್ತೊಂದು ಬರುತ್ತದೆ. ಚೆನ್ನಾಗಿರುವ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಮಕ್ಕಳಿಗೆ ಇದನ್ನು ಎಣಿಸುವುದು ಆಟ. ನನಗೆ ಇದು ಹಸುವಿನ ಆರೋಗ್ಯ ನೋಡುವ ಅತಿ ಸುಲಭದ ದಾರಿ. ಮೆಲುಕು ನಿಲ್ಲಿಸಿದ ಹಸುವಿಗೆ ಏನೋ ತೊಂದರೆ ಇದೆ ಅಂತಲೇ ಅರ್ಥ. ದಿನಾ ಸುಮ್ನೆ ಹೀಗೆ ಪಕ್ಕದಲ್ಲಿ ಕೂತವರಿಗೆ ಅದು ಬೇಗ ಗೊತ್ತಾಗುತ್ತದೆ. ಚಳಿ ಬಿದ್ದ ರಾತ್ರಿ ಹಿಂಡಿಗಿಂತ ಒಣಹುಲ್ಲು ಜಾಸ್ತಿ ಹಾಕುವುದಕ್ಕೂ ಕಾರಣ ಇಲ್ಲೇ ಇದೆ. ನಾರಿನ ಮೇವು ಹೊಟ್ಟೆಯಲ್ಲಿ ಹುದುಗುವಾಗ ಬರುವ ಕಾವು ಮೈಯನ್ನು ಬೆಚ್ಚಗಿಡುತ್ತದೆ.

ಕೊನೆಗೆ ಮೇಕೆಗಳು. ಇವುಗಳಿಗೆ ಶರತ್ಕಾಲ ಅಂದರೆ ಬೆದೆಯ ಕಾಲ. ಸಮಭಾಜಕ ವೃತ್ತದ ಹತ್ತಿರದ ತಳಿಗಳು ವರ್ಷವಿಡೀ ಬೆದೆಗೆ ಬರಬಹುದು. ದೂರ ಹೋದ ಹಾಗೆಲ್ಲ ಅದು ಹಗಲು ಕಿರಿದಾಗುವ ಈ ತಿಂಗಳುಗಳಿಗೇ ಸೀಮಿತವಾಗುತ್ತದೆ. ಹೋತದ ವಾಸನೆಯೇ ಮೊದಲ ಸುದ್ದಿ. ಕೊಂಬಿನ ಹಿಂದಿನ ಗ್ರಂಥಿಗಳಿಂದ ಬರುವ ವಾಸನೆ ಸಾಲದು ಅಂತ ತನ್ನ ಗಡ್ಡಕ್ಕೆ, ಮುಂಗಾಲಿಗೆ ತಾನೇ ಮೂತ್ರ ಹೊಡೆದುಕೊಳ್ಳುತ್ತದೆ. ನಮಗೆ ಆ ವಾಸನೆ ತಡೆಯಲಾಗುವುದಿಲ್ಲ, ಹೆಣ್ಣು ಮೇಕೆಗಳು ಬೇಲಿಗೆ ಒತ್ತಿ ನಿಲ್ಲುತ್ತವೆ. ಹೋತವನ್ನು ದೂರ ಇಟ್ಟಿದ್ದು ಒಮ್ಮೆಲೇ ಹತ್ತಿರ ತಂದರೆ ಹಲವು ಮೇಕೆಗಳು ಕೆಲವೇ ದಿನಗಳಲ್ಲಿ ಒಟ್ಟಿಗೆ ಬೆದೆಗೆ ಬರುತ್ತವೆ. ಮರಿಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುತ್ತವೆ, ನೋಡಿಕೊಳ್ಳುವುದು ಸುಲಭ.

ಹೋತ ಬಿಡುವ ಮೂರು ವಾರ ಮೊದಲೇ ಪ್ರತಿ ಮೇಕೆಯನ್ನೂ ಮುಟ್ಟಿ ನೋಡುತ್ತೇನೆ. ಸೊಂಟದ ಮೇಲೆ, ಕೊನೆಯ ಪಕ್ಕೆಲುಬಿನ ಹಿಂದೆ ಬೆರಳಿಟ್ಟು ಬೆನ್ನುಮೂಳೆ ಒತ್ತಿದರೆ ಮೈಕಟ್ಟು ತಿಳಿಯುತ್ತದೆ. ಮೂಳೆಯ ಅಂಚು ಚೂಪಾಗಿ ಕೈಗೆ ಸಿಕ್ಕರೆ ಬಡಕಲು. ಒತ್ತಿ ಹುಡುಕಬೇಕಾದರೆ ಕೊಬ್ಬು ಜಾಸ್ತಿ. ಇದಕ್ಕೆ 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಇದೆ, ಮೂರರ ಹತ್ತಿರ ಇದ್ದರೆ ನನಗೆ ಸಮಾಧಾನ. ಕೂದಲು ಬೆಳೆದ ಮೇಕೆ ಕಣ್ಣಿಗೆ ದಪ್ಪವಾಗಿಯೇ ಕಾಣುತ್ತದೆ. ಕೈಯನ್ನೇ ನಂಬಬೇಕು. ಬಡಕಲಾದವಕ್ಕೆ ಆ ಮೂರು ವಾರ ಸ್ವಲ್ಪ ಕಾಳು ಜಾಸ್ತಿ.

ಆಮೇಲೆ ಕಣ್ಣು. ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಒಳಗಿನ ಬಣ್ಣ ನೋಡುವುದು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಫಮಾಚಾ ಅನ್ನುವ ಬಣ್ಣದ ಪಟ್ಟಿ ಇದಕ್ಕೆಂದೇ ಇದೆ: ಕಡುಗೆಂಪಿಗೆ 1, ಬಿಳುಚಿಕೊಂಡದ್ದಕ್ಕೆ 5. ಬಿಳಿಚಿದೆ ಅಂದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಹುಳು ಸೇರಿರುವ ಸಂಶಯ. ಎಲ್ಲಕ್ಕೂ ಒಟ್ಟಿಗೆ ಔಷಧಿ ಕುಡಿಸಿದರೆ ಹುಳುಗಳು ಔಷಧಿಗೆ ಬಗ್ಗದ ಹಾಗಾಗುತ್ತವೆ. ಬಣ್ಣ ನೋಡಿ ಬೇಕಾದವಕ್ಕೆ ಮಾತ್ರ, ಪಶುವೈದ್ಯರನ್ನು ಕೇಳಿ ಕೊಡುತ್ತೇನೆ. ಹುಳುವಿನ ಮರಿಗಳು ಹುಲ್ಲಿನ ಬುಡದಲ್ಲೇ ಹೆಚ್ಚಾಗಿ ಇರುತ್ತವೆ. ಹಾಗಾಗಿ ತುಂಬಾ ಗಿಡ್ಡವಾಗಿ ಮೇದ ಜಾಗಕ್ಕೆ ಬಿಡುವುದಿಲ್ಲ, ಬೇಲಿಯ ಪೊದೆ, ಸೊಪ್ಪಿನ ಕಡೆ ಹೊಡೆಯುತ್ತೇವೆ. ಮೇಕೆಗಳಿಗೂ ತಲೆ ಎತ್ತಿ ಮೇಯುವುದೇ ಇಷ್ಟ. ಹಿಂಗಾಲ ಮೇಲೆ ನಿಂತು ಹಳದಿ ಎಲೆ ಕೀಳುವಾಗ ಅವುಗಳ ಮುಖ ನೋಡಿದರೆ ಗೊತ್ತಾಗುತ್ತದೆ.

ಒಂದು ಮೇಕೆಗೆ ಐದಾರು ನಿಮಿಷ ಸಾಕು. ಆದರೆ ನಾವು ಇಡೀ ಸಂಜೆ ತೆಗೆದುಕೊಳ್ಳುತ್ತೇವೆ. ಒಬ್ಬರು ಹಿಡಿದುಕೊಳ್ಳುವುದು, ಒಬ್ಬರು ಗೊರಸು ಸವರುವುದು, ಮಗಳು ಬರೆದುಕೊಳ್ಳುವುದು. ನೋಡಿಸಿಕೊಂಡು ಮುಗಿದ ಮೇಕೆಯೂ ಹೋಗುವುದಿಲ್ಲ, ಹಿಂದಿನಿಂದ ಬಂದು ನನ್ನ ಸೆರಗು ಅಗಿಯುತ್ತಾ ನಿಲ್ಲುತ್ತದೆ. ಅತ್ತೆ ಒಂದೊಂದರ ತಾಯಿ, ಅಜ್ಜಿಯ ಕಥೆ ಹೇಳುತ್ತಾರೆ. ಯಾವುದಕ್ಕೆ ಅವಳಿ ಮರಿ ಆಗಿತ್ತು, ಯಾವುದು ಮೊದಲ ಸಲ ಮರಿಗೆ ಹಾಲು ಕೊಡಲು ಒಪ್ಪಿರಲಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ಪುಸ್ತಕದಲ್ಲಿ ಇಲ್ಲದ ಎಷ್ಟೋ ವಿಷಯ ಮಕ್ಕಳು ಕಲಿತದ್ದು ಇಂಥ ಸಂಜೆಗಳಲ್ಲೇ.

ಹೋತ ಏರಿದ ದಿನವನ್ನು ಬರೆದಿಡುತ್ತೇವೆ. ಬೆದೆ 21 ದಿನಕ್ಕೊಮ್ಮೆ ಮರಳುತ್ತದೆ. ಆ ಹೊತ್ತಿಗೆ ಬಾಲ ಆಡಿಸುವುದು, ಕೂಗುವುದು ಮತ್ತೆ ಶುರುವಾಗದಿದ್ದರೆ ಬಹುಶಃ ಗಬ್ಬ ನಿಂತಿದೆ ಅಂತ. ಅಲ್ಲಿಂದ ಸುಮಾರು 150 ದಿನ ಎಣಿಸಿದರೆ ಮರಿ ಹಾಕುವ ವಾರ ಸಿಗುತ್ತದೆ. ಚಿಗುರು ಹುಲ್ಲು ಬರುವ ಹೊತ್ತಿಗೆ ಮರಿ ಬೀಳಲಿ ಅಂತ ಹಿಂದಕ್ಕೆ ಲೆಕ್ಕ ಹಾಕಿಯೇ ನಾವು ಹೋತವನ್ನು ಬಿಡುವುದು. ಈ ಸಲ ಬಿಳಿ ಮೇಕೆಯೊಂದು ಬಿಟ್ಟು ಉಳಿದವೆಲ್ಲ ಸುಮ್ಮನಾಗಿವೆ. ಅದಕ್ಕೋಸ್ಕರ ಇನ್ನೊಂದು ಬೆದೆಯವರೆಗೆ ಹೋತವನ್ನು ಹಿಂಡಿನಲ್ಲೇ ಇರಿಸಿಕೊಂಡಿದ್ದೇವೆ.